ಹುಳ ಏಳುವ ಮುಂಚೆ ಸಮುದ್ರ

ರೇಷ್ಮೆ ಹುಳ ಸಾಕುವವರು ಪ್ರವಾಸ ಹೊರಟರೆ ಒಂದಲ್ಲ ಒಂದು ಆಗಿಯೇ ಆಗುತ್ತದೆ. ನಮ್ಮ ಬೈರಾಪಟ್ಟಣದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಹಿಂದೆ ಏನನ್ನೂ ಬರೆದವನಲ್ಲ, ಆದ್ದರಿಂದ ಮೊದಲು ಒಂದು ವಿಷಯ ಬಿಡಿಸಿ ಹೇಳಿಬಿಡುತ್ತೇನೆ. ಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಇದಕ್ಕೆ ನಾವು ಜ್ವರ ಅನ್ನುತ್ತೇವೆ; ಮೈ ಬಿಸಿಯಾಗುವ ಜ್ವರವಲ್ಲ. ಆಗ ಅದು ಹಿಪ್ಪುನೇರಳೆ ಸೊಪ್ಪು ಮುಟ್ಟದೆ ಒಂದು ದಿನ, ಹೆಚ್ಚೆಂದರೆ ಒಂದೂವರೆ ದಿನ ಮಲಗಿರುತ್ತದೆ. ಗೂಡಿಗೆ ಒಳ್ಳೆಯ ಬೆಲೆಯಿದ್ದ ಆ ಕಾಲದಲ್ಲಿ ಒಂದು ಬೆಳೆ ಮುಗಿಯುವಷ್ಟರಲ್ಲಿ ಇನ್ನೊಂದು ಶುರು. ಸಮುದ್ರ ನೋಡಬೇಕೆಂಬ ಅವ್ವನ ಆಸೆಗೆ ಸಿಕ್ಕಿದ್ದು ನಾಲ್ಕನೇ ಜ್ವರದ ಆ ಒಂದೂವರೆ ದಿನ ಮಾತ್ರ. ಅಪ್ಪನನ್ನು ಕಾವಲಿಗೆ ಬಿಟ್ಟು ಅವ್ವ, ಅಣ್ಣ, ನಾನು ಬಾಡಿಗೆ ವ್ಯಾನಿನಲ್ಲಿ ಹೊರಟೆವು.

೧. ಊದುಬತ್ತಿ

ಡ್ರೈವರ್ ವ್ಯಾನಿನೊಳಗೆ ಊದುಬತ್ತಿ ಹಚ್ಚಿದ್ದ. ಅವ್ವ ಹತ್ತಲೇ ಇಲ್ಲ. ಘಾಟು ವಾಸನೆ ಹುಳಕ್ಕೆ ಆಗುವುದಿಲ್ಲ, ಅದಕ್ಕೆ.

"ಹುಳ ಮನೇಲವೆ ಕಣವ್ವ, ವ್ಯಾನಲ್ಲಿ ಇಲ್ವಲ್ಲ!" ಅಂದ ಡ್ರೈವರ್.

"ನಾವು ವಾಪಸ್ ಮನೆಗೇ ತಾನೆ ಬರಾದು?"

ಅವನು ಊದುಬತ್ತಿ ಆರಿಸಿದ. ಅವ್ವ ಹತ್ತಿರ ಹೋಗಿ ಅವನ ತಲೆ ಮೂಸಿದಳು. "ಅದೇನ್ಲಾ ಎಣ್ಣೆ ಬಳ್ಕಂಡಿದ್ದೀಯ? ತೊಳ್ಕಂಡ್ ಬಾ."

೨. ಇದ್ದಿಲೊಲೆ

ಘಟ್ಟದ ತುದಿಯಲ್ಲಿ ಕಣಿವೆ ತುಂಬ ಮಂಜು. ಜನ ಫೋಟೊ ತೆಗೆಸಿಕೊಳ್ಳುತ್ತಿದ್ದರು.

"ಹೇಗಿದೆ ಸಾರ್ ನಮ್ಮ ಜಾಗ?" ಎಂದು ಟೀ ಮಾರುವವನು ಅಣ್ಣನನ್ನು ಕೇಳಿದ.

ಅಣ್ಣ ಗಾಳಿಗೆ ಅಂಗೈ ಚಾಚಿ ತೇವ ನೋಡಿದ. "ಈ ತಂಪಿಗೆ ಸುಣ್ಣಕಟ್ಟು ಗ್ಯಾರಂಟಿ."

ಸುಣ್ಣಕಟ್ಟು ಅಂದರೆ ಹುಳ ಸತ್ತು ಸುಣ್ಣದ ಕಡ್ಡಿಯಂತೆ ಬೆಳ್ಳಗೆ ಗಟ್ಟಿಯಾಗುವ ರೋಗ. ಮನುಷ್ಯರಿಗೆ ಬರುವುದಿಲ್ಲ. ಅಣ್ಣ ಇದನ್ನು ಹೇಳಲಿಲ್ಲ.

"ಅದಕ್ಕೇನು ಮಾಡ್ಬೇಕು ಸಾರ್?" ಅವನ ದನಿ ಇಳಿದಿತ್ತು.

"ನಾಲ್ಕು ಮೂಲೆಗೂ ಒಂದೊಂದು ಇದ್ದಿಲೊಲೆ ಇಡ್ಬೇಕು."

ಅವನು ಕಣಿವೆಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದ. "ಇದಕ್ಕೆ ಮೂಲೆ ಎಲ್ಲಿದೆ ಸಾರ್?"

೩. ಸೊಪ್ಪು

ಸಂಜೆಗೆ ಸಮುದ್ರ ತಲುಪಿದೆವು. ಅವ್ವ ಇನ್ನೂ ಪಾದ ಮುಳುಗುವಷ್ಟು ನೀರಿಗೆ ಇಳಿದಿದ್ದಳು, ಅಷ್ಟೆ. ಮನೆಗೆ ಫೋನ್ ಮಾಡಲು ಎಸ್‌ಟಿಡಿ ಬೂತಿಗೆ ಹೋಗಿದ್ದ ಅಣ್ಣ ಓಡಿ ಬಂದ.

"ಅವ್ವ, ಹುಳ ಆಗ್ಲೇ ಎದ್ವಂತೆ! ಅಪ್ಪ ಒದ್ದಾಡ್ತಾವ್ರೆ. ನಡಿ, ಹೊರಡಾನ!"

ಹಸಿದು ಎದ್ದ ಹುಳಕ್ಕೆ ಸೊಪ್ಪು ತಡವಾದರೆ ಬೆಳೆಯೇ ಹಾಳು. ನಾನು ಆಗಲೇ ಚಪ್ಪಲಿ ಹುಡುಕತೊಡಗಿದ್ದೆ. ಅವ್ವ ಬರುತ್ತಿದ್ದ ಅಲೆಯನ್ನೊಮ್ಮೆ ನೋಡಿದಳು. ಆಮೇಲೆ ಸೀರೆ ಸಮೇತ ನೀರಿನಲ್ಲೇ ಕೂತುಬಿಟ್ಟಳು.

"ಎದ್ರೆ ಏಳ್ಲಿ. ಇಷ್ಟು ವರ್ಸ ಅವು ಮಲಗಿದ್ರೂ ನಾನೇ ಎದ್ದಿದ್ದೆ, ಅವು ಎದ್ರೂ ನಾನೇ ಎದ್ದಿದ್ದೆ. ಇವತ್ತು ಕೂತಿವ್ನಿ. ಒಂದೊತ್ತು ನಿಮ್ಮಪ್ಪನೇ ಸೊಪ್ಪು ಹಾಕ್ಲಿ ಅನ್ನು."

ಅಣ್ಣ ಮತ್ತೆ ಬೂತಿಗೆ ಓಡಿದ. ವಾಪಸ್ ಬಂದಾಗ ಅವನ ಮುಖ ಇನ್ನೂ ಸಣ್ಣಗಾಗಿತ್ತು.

"ಸೊಪ್ಪು ಎಲ್ಲೈತೆ ಅಂತ ಕೇಳ್ತಾವ್ರೆ."

ಅವ್ವ ಮುಖದ ಮೇಲಿನ ಉಪ್ಪುನೀರು ಒರೆಸಿಕೊಂಡಳು.

"ಗಿಡದಲ್ಲೈತೆ ಅನ್ನು."