ಸಾಬರು ಹಾಕಿದ ಗೆರೆ

ಒಂದು ಗೆರೆ ಎಳೆದರೆ ಸಾಕು, ನಮ್ಮ ಕಡೆಯ ಜನಕ್ಕೆ ಅನುಮಾನ ಶುರುವಾಗುತ್ತದೆ. ಗೌರಿಬಿದನೂರಿನಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡಿದ್ದ ನಮಗೆ ಎಂಬತ್ತರ ದಶಕದ ಉದ್ದಕ್ಕೂ ಇದೇ ಪಾಡು. ಜನರನ್ನೇನು ಹೇಳುವುದು, ನಾನೇನು ಕಡಿಮೆ? ಯಾರಾದರೂ ನಗುನಗುತ್ತಾ ಅಂಗಡಿಗೆ ಬಂದರೆ ಇವನಿಗೇನೋ ಬೇಕಾಗಿದೆ ಎಂದೇ ನನ್ನ ಮೊದಲ ಯೋಚನೆ.

ಗೆರೆ ಹಾಕುವ ಕೆಲಸ ನಮ್ಮ ಕಂಪೋಸಿಟರ್ ಸಾಬರದು. ಅಲೀಪುರದಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಮರದ ಪೆಟ್ಟಿಗೆಯ ಒಂದೊಂದು ಗೂಡಿನಲ್ಲಿ ಒಂದೊಂದು ಬಗೆಯ ಲೋಹದ ಪಟ್ಟಿ: ಸಣ್ಣ ಗೆರೆ, ದಪ್ಪ ಗೆರೆ, ಜೋಡಿ ಗೆರೆ, ಚುಕ್ಕೆ ಗೆರೆ. ಅಕ್ಷರ ಜೋಡಿಸುವಾಗ ಅವರದು ಒಂದೇ ನಿಯಮ. ಎರಡು ಸಂಗತಿ ಇದ್ದರೆ ನಡುವೆ ಗೆರೆ ಬೀಳಲೇಬೇಕು. ಮೊದಲನೆಯದರ ಮೇಲೆ ಇಲ್ಲ, ಕೊನೆಯದರ ಕೆಳಗೆ ಇಲ್ಲ, ನಡುವೆ ಮಾತ್ರ. ಯಾರೂ ಹೇಳಬೇಕಾಗಿರಲಿಲ್ಲ, ಬೇಡ ಎಂದರೂ ಅವರ ಕೈ ಕೇಳುತ್ತಿರಲಿಲ್ಲ.

ಹುಡುಗ, ಹುಡುಗಿ

ಆಂಧ್ರದ ಗಡಿ ಕಡೆಯ ಒಬ್ಬ ಯಜಮಾನರು ಮಗಳ ಮದುವೆ ಕಾರ್ಡು ಮಾಡಿಸಲು ಬಂದರು. ಸಾಬರು ಹುಡುಗಿಯ ಹೆಸರು ಒಂದು ಕಡೆ, ಹುಡುಗನ ಹೆಸರು ಒಂದು ಕಡೆ ಇಟ್ಟು ನಡುವೆ ನೆಟ್ಟಗೆ ಒಂದು ಗೆರೆ ನಿಲ್ಲಿಸಿದ್ದರು. ಪ್ರೂಫ್ ನೋಡಿದ ಯಜಮಾನರ ಮುಖ ಕಪ್ಪಿಟ್ಟಿತು.

"ಏಮಪ್ಪಾ ಇದಿ? ತಾಳಿ ಕಟ್ಟೋಕೆ ಮುಂಚೆನೇ ಗೋಡೆ ಕಟ್ಟಿದೀರಲ್ಲ? ಗಂಡಿನ ಕಡೆಯೋರು ಯಾರಾದ್ರೂ ಬಂದು ಹೇಳಿ ಹೋದ್ರಾ?"

"ಯಾರೂ ಬಂದಿಲ್ಲ ಯಜಮಾನ್ರೇ, ಅಂದಕ್ಕೆ ಹಾಕಿದ್ದು" ಎಂದು ಸಮಾಧಾನ ಮಾಡಿದೆ. ಗೋಡೆ ಬೇಡ ತಾನೆ ಎಂದು ಸಾಬರು ಆ ಗೆರೆ ಕಿತ್ತು ಚುಕ್ಕೆ ಗೆರೆ ಇಟ್ಟರು. ಯಜಮಾನರು ಹೊಸ ಪ್ರೂಫನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಜೇಬಿನಿಂದ ಯಾವುದೋ ರಸೀದಿ ತೆಗೆದು ಪಕ್ಕದಲ್ಲಿಟ್ಟು ನೋಡಿದರು. ಆಮೇಲೆ ಕೂಗಿದರು:

"ಇದು ಇಲ್ಲಿ ಹರಿಯಿರಿ ಅಂತ ಹಾಕೋ ಗೆರೆ ಅಲ್ವೇನ್ರೀ!"

ದಪ್ಪ ಬಾರ್ಡರು

ಬಸ್ ಸ್ಟ್ಯಾಂಡ್ ಹತ್ತಿರ ಹೊಸ ಹೋಟೆಲು ತೆರೆಯುವವರೊಬ್ಬರು ಕರಪತ್ರ ಕೊಟ್ಟರು. ಇಡ್ಲಿ, ಗೆರೆ, ದೋಸೆ, ಗೆರೆ, ಖಾರಾಬಾತ್. ಅಷ್ಟಕ್ಕೆ ನಿಂತಿತ್ತು.

"ಕೊನೆಗೆ ಯಾಕ್ರೀ ಗೆರೆ ಇಲ್ಲ? ಕೆಳಗೆ ಇನ್ನೇನೋ ಇತ್ತು, ಮುಚ್ಚಿಟ್ಟವ್ರೆ ಅಂದ್ಕೊಳ್ಳಲ್ವಾ ಗಿರಾಕಿಗಳು? ನಾಲ್ಕೂ ಕಡೆ ಕಟ್ಟಿಬಿಡಿ, ದಪ್ಪಗೆ" ಎಂದರು.

ಸಾಬರು ಪೆಟ್ಟಿಗೆಯಲ್ಲಿದ್ದ ಅತಿ ದಪ್ಪ ಪಟ್ಟಿ ತೆಗೆದು ಕಟ್ಟಿಬಿಟ್ಟರು. ನಮ್ಮ ಕಡೆ ದಪ್ಪ ಕಪ್ಪು ಬಾರ್ಡರಿನ ಕಾಗದ ಮನೆಗೆ ಬಂದರೆ ಯಾರೂ ಅಕ್ಷರ ಓದುವುದಿಲ್ಲ. ಯಾರು ಹೋದರು ಎಂದಷ್ಟೇ ಕೇಳುತ್ತಾರೆ. ಅದು ಹೋಟೆಲಿನವರಿಗೂ ಹೊಳೆಯಲಿಲ್ಲ, ಆ ಗಡಿಬಿಡಿಯಲ್ಲಿ ನನಗೂ ಹೊಳೆಯಲಿಲ್ಲ.

ಪ್ರಾರಂಭದ ದಿನ ಜನ ಬಂದರು. ಚಪ್ಪಲಿ ದೂರ ಬಿಟ್ಟು, ತಲೆ ತಗ್ಗಿಸಿಕೊಂಡು ಬಂದರು. ಒಬ್ಬ ಮುದುಕರು ಗಲ್ಲಾದಲ್ಲಿ ಕೂತಿದ್ದ ಮಾಲೀಕರನ್ನು ಕಂಡು ಬೆಚ್ಚಿಬಿದ್ದರು.

"ನೀವು ಇದೀರಾ?"

"ಇದೀನಲ್ಲ, ಯಾಕೆ?"

ಮುದುಕರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಂಬಿಕೆ ಬಂದಂತೆ ಕಾಣಲಿಲ್ಲ. ಸುಮ್ಮನೆ ಕೂತು ಖಾರಾಬಾತ್ ತಿಂದು, ಕೈ ತೊಳೆದು ಹೊರಟರು. ಮಾಲೀಕರು ದುಡ್ಡು ಕೇಳಿದಾಗ ತಿರುಗಿ ನಿಂತು ಗದರಿದರು:

"ತಿಥಿ ಊಟಕ್ಕೆ ಯಾರಾದ್ರೂ ದುಡ್ಡು ತಗೋತಾರೇನಯ್ಯ?"

ಅಣ್ಣ, ತಮ್ಮ

ಯುಗಾದಿಗೆ ನಮ್ಮ ಪ್ರೆಸ್ಸಿನದೇ ಕ್ಯಾಲೆಂಡರ್ ಹೊರಡಿಸುವ ಪದ್ಧತಿ ಇತ್ತು. ಆ ವರ್ಷ ಮೊದಲ ಸಲ ಕೆಳಗಡೆ ಮಾಲೀಕರು ಎಂದು ಅಣ್ಣನ ಹೆಸರು, ನನ್ನ ಹೆಸರು. ನಡುವೆ ನೆಟ್ಟಗೆ ಒಂದು ಗೆರೆ.

ಅಣ್ಣನಿಗೆ ಭಾಗ ಬೇಕಾಗಿದೆ, ಬಾಯಿಬಿಟ್ಟು ಹೇಳಲಾರದೆ ಗೆರೆ ಹಾಕಿಸಿದ್ದಾನೆ ಎಂದುಕೊಂಡೆ. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿ, ಈ ಪ್ರೆಸ್ಸಿನಲ್ಲಿ ಪಕ್ಕದಲ್ಲೇ ಕೂರಿಸಿಕೊಂಡವನು ಅವನು. ಇರುವುದು ಅಚ್ಚು ಹಾಕುವ ಒಂದೇ ಟ್ರೆಡಲ್ ಮೆಷಿನ್ನು, ಅದನ್ನು ಕೊಯ್ದು ಹಂಚಿಕೊಳ್ಳುವುದು ಹೇಗೆ? ತುಂಬಾ ಸಂಕಟವಾಯಿತು, ಆದರೆ ಕೇಳಲಿಲ್ಲ. ಅವನೂ ಏನೂ ಹೇಳಲಿಲ್ಲ. ಒಂದೇ ಕೆಟಲ್ಲಿನ ಟೀ ಕುಡಿಯುತ್ತಿದ್ದವರು ಬೇರೆ ಬೇರೆ ತರಿಸತೊಡಗಿದೆವು. ಅವನು ಅಂಗಡಿ ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ನೋಡಿದ್ಯಾ, ಎಂದು ಹೆಂಡತಿಗೆ ಹೇಳಿದೆ.

ಕ್ಯಾಲೆಂಡರ್ ಊರೂರಿಗೆ ಹೋಗಿತ್ತಲ್ಲ. ಒಂದು ಬೆಳಿಗ್ಗೆ ಚಿಂತಾಮಣಿಯಿಂದ ನನ್ನ ಭಾವಮೈದ ಬಂದಿಳಿದ. ಹಿಂದೆಯೇ ಶಿಡ್ಲಘಟ್ಟದಿಂದ ಅಣ್ಣನ ಭಾವಮೈದ. ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡುತ್ತಾ ಇಬ್ಬರೂ ಟ್ರೆಡಲ್ಲನ್ನು ಸುತ್ತು ಹಾಕಿದರು. ಊಟಕ್ಕೆ ಕೂತಾಗ ಅಮ್ಮ ಕೇಳಿಯೇಬಿಟ್ಟಳು.

"ಏನ್ರಪ್ಪಾ, ಇಬ್ಬರೂ ಒಂದೇ ದಿನ ಬಂದಿದೀರಿ?"

"ಭಾಗ ಆಗ್ತಿದೆಯಂತಲ್ಲತ್ತೆ. ನಮ್ಮ ಕಡೆಯಿಂದ ಒಬ್ಬರಿರ್ಲಿ ಅಂತ" ಎಂದ ನನ್ನ ಭಾವಮೈದ.

ಅಮ್ಮ ಬಡಿಸುವುದನ್ನು ನಿಲ್ಲಿಸಿ ಸಾಬರನ್ನು ಕರೆಸಿದಳು. ಅವರು ನಮ್ಮಿಬ್ಬರನ್ನೂ ನೋಡಿ, "ಎರಡು ಹೆಸರಿತ್ತಲ್ಲಮ್ಮ. ಮಧ್ಯೆ ಗೆರೆ ಹಾಕ್ದೆ. ಇಷ್ಟು ವರ್ಷ ಹಾಕ್ತಾನೇ ಇದೀನಲ್ಲ?" ಎಂದರು.

ಅಣ್ಣ ನನ್ನ ಕಡೆ ತಿರುಗಿದ. "ಹಂಗಾದ್ರೆ ನೀನು ಹಾಕಿಸ್ಲಿಲ್ವೇನೋ?"

"ನೀನು ಹಾಕಿಸ್ಲಿಲ್ವಾ?"

ಅವನ ಕಣ್ಣು ತುಂಬಿತ್ತು. ನನ್ನದೂ ಅಷ್ಟೆ, ಸಾರು ಖಾರ ಎಂದು ಹೇಳಿಕೊಂಡೆ. ಭಾವಮೈದಂದಿರು ಎರಡನೇ ಸಲ ಅನ್ನ ಹಾಕಿಸಿಕೊಂಡು ಸಂಜೆ ಬಸ್ಸಿಗೆ ಹೊರಟರು.

ಸಾಬರಿಗೆ ಬೇಜಾರಾಗಿತ್ತು. ಮಾರನೆಯ ದಿನ ತಾವಾಗಿಯೇ ಹೊಸದೊಂದು ಪ್ರತಿ ಮಾಡಿಕೊಟ್ಟರು. ನಡುವಿನ ಗೆರೆ ಮಾಯ. ಅಣ್ಣ ತಮ್ಮ ಇಬ್ಬರ ಹೆಸರನ್ನೂ ಸೇರಿಸಿ ಸುತ್ತ ಚೆಂದದ ಜೋಡಿ ಗೆರೆಯ ಬಾರ್ಡರು. ಇನ್ನು ಯಾರಿಗೂ ಅನುಮಾನ ಬರುವ ಹಾಗಿಲ್ಲ ಎಂದು ಅಣ್ಣನೇ ಅದನ್ನು ಹೆಮ್ಮೆಯಿಂದ ನಡುಮನೆಯ ಗೋಡೆಗೆ ತೂಗುಹಾಕಿದ.

ಅತ್ತಿಗೆ, ನನ್ನ ಹೆಂಡತಿ ಇಬ್ಬರೂ ಅಡುಗೆಮನೆಯಿಂದ ಬಂದು ಅದರ ಮುಂದೆ ನಿಂತರು. ತುಂಬಾ ಹೊತ್ತು ನೋಡಿದರು.

"ಅಣ್ಣ ತಮ್ಮ ಇಬ್ಬರೂ ಒಳಗೆ, ನಾವಿಬ್ಬರೂ ಹೊರಗೆ. ಯಾರು ಹೇಳಿ ಹಾಕಿಸಿದ್ದು ಇದನ್ನ?" ಎಂದರು ಅತ್ತಿಗೆ.

ಅಣ್ಣ ತಕ್ಷಣ ನನ್ನ ಕಡೆ ಬೆರಳು ತೋರಿಸಿದ. ನಾನು ಅಷ್ಟರಲ್ಲೇ ಅವನ ಕಡೆ ತೋರಿಸಿ ಆಗಿತ್ತು.