ನಲ್ಲಿ ಮೇಸ್ತ್ರಿ ದೋಣಿ ಇಳಿಸಿದ್ದು

ಫೆಬ್ರುವರಿ ಹದಿನೇಳು, ಭಾನುವಾರ. ಬೆಳಿಗ್ಗೆ ಏಳು ಗಂಟೆಗೆ ನಲ್ಲಿ ಮೇಸ್ತ್ರಿಯ ದೋಣಿಯಲ್ಲಿ ಉಳಿದಿದ್ದ ತೂತುಗಳ ಸಂಖ್ಯೆ ಒಂದು.

ಕೊಂಡಾಗ ಒಂಬತ್ತಿದ್ದವು. ಎಂಟನ್ನು ಅವನು ಮರದ ಚಕ್ಕೆ, ಡಾಂಬರು ಮತ್ತು ನಲ್ಲಿ ಬಿಗಿಯಲು ಬಳಸುವ ಸೆಣಬಿನ ನೂಲಿನಿಂದ ಮುಚ್ಚಿದ್ದ. ಒಂಬತ್ತನೆಯದು ದೋಣಿ ಮಾಡಿದವನೇ ಬೇಕೆಂದು ಬಿಟ್ಟದ್ದು. ಹಿಂಬದಿಯ ತಳದಲ್ಲಿ ಹೆಬ್ಬೆರಳು ಹೋಗುವಷ್ಟು ಅಗಲದ ತೂತು, ಅದಕ್ಕೊಂದು ಮರದ ಬಿರಡೆ. ದೋಣಿ ದಡದ ಮೇಲಿರುವಾಗ ಒಳಗೆ ನಿಂತ ಮಳೆನೀರು ಹರಿದುಹೋಗಲೆಂದು ಈ ಏರ್ಪಾಡು. ಕೆರೆಗೆ ಇಳಿಸುವ ಮುನ್ನ ಬಿರಡೆಯನ್ನು ಜಡಿಯಬೇಕು. ಮೇಸ್ತ್ರಿ ಜಡಿದಿದ್ದ. ಸುತ್ತಲೂ ನೂಲು ಸುತ್ತಿ, ಎಳೆದೂ ನೋಡಿದ್ದ. ಆದಕಾರಣ ಮುಂದೆ ನಡೆದುದಕ್ಕೆ ಅವನ ಮರೆವನ್ನು ಯಾರೂ ದೂರಬಾರದು.

ಮೇಸ್ತ್ರಿಗೆ ಮೀನು ಹಿಡಿಯುವ ಹುಚ್ಚು ಇರಲಿಲ್ಲ. ಆ ಹುಚ್ಚು ಇದ್ದದ್ದು ಕೆರೆಯ ಪಕ್ಕದ ವಸತಿ ಸಂಘದ ಕಾರ್ಯದರ್ಶಿಗೆ. ಅರವತ್ತನಾಲ್ಕು ಮನೆಗಳ ತೊಟ್ಟಿ, ಕೊಳವೆ, ನಲ್ಲಿಗಳನ್ನು ವರ್ಷವಿಡೀ ನೋಡಿಕೊಳ್ಳುವ ಕೆಲಸವನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸುವವರು ಅವರು. ತೀರ್ಮಾನ ಅಂದೇ ಸಂಜೆ. ಈ ಕೆಲಸ ಸಿಕ್ಕರೆ ಮೇಸ್ತ್ರಿ ಇನ್ನು ಚೀಲ ಹೊತ್ತು, ಎಲ್ಲಿ ನಲ್ಲಿ ಸೋರುತ್ತಿದೆ, ಎಲ್ಲಿ ಚರಂಡಿ ಕಟ್ಟಿದೆ ಎಂದು ಬೀದಿ ಅಲೆಯಬೇಕಾಗಿರಲಿಲ್ಲ. ಕಾರ್ಯದರ್ಶಿಯನ್ನು ಒಂದು ಬೆಳಿಗ್ಗೆ ಸಂತೋಷಪಡಿಸಿದರೆ ಉಳಿದದ್ದು ತಾನಾಗಿ ಆಗುತ್ತದೆಂಬುದು ಅವನ ಲೆಕ್ಕ.

ಹೆಂಡತಿಗೆ ಈ ಲೆಕ್ಕ ಹಿಡಿಸಿರಲಿಲ್ಲ.

"ರೀ, ಅವರನ್ನ ಮನೆಗೆ ಕರೆದು ಒಂದು ಲೋಟ ಕಾಫಿ ಕೊಟ್ಟಿದ್ರೆ ಆಗ್ತಿರ್ಲಿಲ್ವಾ?"

"ಕಾಫಿ ಎಲ್ಲರೂ ಕೊಡ್ತಾರೆ ಕಣೇ. ದೋಣಿ ಯಾರು ಕೊಡ್ತಾರೆ?"

"ನಿಮಗೆ ಈಜು ಬರುತ್ತಾ?"

"ಈಜೋದು ದೋಣಿ ಇಲ್ಲದೋರು."

ಹೆಂಡತಿ ಎರಡು ಟವಲುಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

ದೋಣಿಯನ್ನು ತಳ್ಳುಗಾಡಿಯ ಮೇಲೆ ಹಗ್ಗದಿಂದ ಬಿಗಿದು ಕೆರೆಯ ಇಳಿಜಾರಿಗೆ ತಂದದ್ದಾಯಿತು. ಬಂದವರು ನೋಡಲು ಮಾತ್ರ ಬಂದವರಾದರೂ, ಸಲಹೆ ಕೊಡುವುದರಲ್ಲಿ ಒಬ್ಬರೂ ಹಿಂದೆ ಬೀಳಲಿಲ್ಲ. ಎಲ್ಲರಿಗಿಂತ ಮುಂದೆ ಇದ್ದವನು ಬೀದಿಯ ಮೂಲೆಯ ದರ್ಜಿ. ಅಳತೆಯ ಟೇಪು ಕೊರಳಲ್ಲೇ ಇತ್ತು. ತುಸು ದೂರದಲ್ಲಿ ಕೊಡೆ ಹಿಡಿದು ನಿಂತಿದ್ದವರು ಸಂಘದ ಅಧ್ಯಕ್ಷೆ, ನಿವೃತ್ತ ಹೆಡ್‌ಮಿಸ್ಟ್ರೆಸ್. ಅವರು ಸಲಹೆ ಕೊಡಲಿಲ್ಲ, ಅವರು ನೋಡುತ್ತಿದ್ದರು. ಅದೇ ಹೆಚ್ಚು ಭಯ ಹುಟ್ಟಿಸುವಂತಿತ್ತು.

ದೋಣಿ ಇಳಿಸುವ ಯಜಮಾನಿಕೆಯನ್ನು ಮೇಸ್ತ್ರಿಯ ಭಾವಮೈದುನ ವಹಿಸಿಕೊಂಡ. ಅವನು ಬಸ್ ಕಂಡಕ್ಟರ್.

"ಭಾವ, ನೀವು ಗಾಡಿ ಹಿಡ್ಕೊಂಡು ಸುಮ್ನೆ ನಿಂತ್ಕೊಳ್ಳಿ. ದಿನಕ್ಕೆ ಸಾವಿರ ಜನರನ್ನ ಹತ್ತಿಸಿ ಇಳಿಸೋನು ನಾನು. ಒಂದು ದೋಣಿ ಇಳಿಸೋದು ಏನು ಮಹಾ!"

ಅವನು ಬಾಯಿಗೆ ಸೀಟಿ ಇಟ್ಟ. ಅವನ ಕಸುಬಿನಲ್ಲಿ ಎರಡು ಸೀಟಿ ಎಂದರೆ ಹೊರಡು, ಒಂದು ಸೀಟಿ ಎಂದರೆ ನಿಲ್ಲು. ಇದನ್ನು ಜಗತ್ತಿನ ಎಲ್ಲರೂ ಬಲ್ಲರೆಂದು ಅವನು ನಂಬಿದ್ದ. ಗಾಡಿಯ ಹಗ್ಗ ಇನ್ನೂ ಬಿಚ್ಚಿಲ್ಲವೆಂಬುದು ಕಣ್ಣಿಗೆ ಬಿದ್ದೊಡನೆ, ತಳ್ಳಲು ಕೈಯಿಟ್ಟಿದ್ದವರನ್ನು ತಡೆಯಲೆಂದು ಅವನು ಒಂದು ಉದ್ದನೆಯ ಸೀಟಿ ಊದಿದ. ತಳ್ಳುವವರು ಅಪ್ಪಣೆಯಾಯಿತೆಂದು ಒಟ್ಟಾಗಿ ತಳ್ಳಿದರು. ಅವನು ಗಾಬರಿಯಿಂದ ಇನ್ನೊಂದು ಊದಿದ. ಅವರು ಇನ್ನಷ್ಟು ಹುರುಪಿನಿಂದ ತಳ್ಳಿದರು.

ದೋಣಿ ನೀರಿಗೆ ಧುಮುಕಿತು. ದೋಣಿಯ ಹಿಂದೆ, ಹಸುವಿನ ಹಿಂದೆ ಕರು ಹೋಗುವಂತೆ, ಗಾಡಿ ಹೋಯಿತು. ಗಾಡಿಯ ಹಿಡಿಕೆಯನ್ನು ನಿಷ್ಠೆಯಿಂದ ಹಿಡಿದಿದ್ದ ಮೇಸ್ತ್ರಿ ಗಾಡಿಯ ಹಿಂದೆ ಹೋದ.

"ಕೈ ಬಿಡಿ ಭಾವ, ಕೈ ಬಿಡಿ!"

"ಹಿಡ್ಕೋ ಅಂದೋನೂ ನೀನೇ!" ಎಂದು ಮೇಸ್ತ್ರಿ ಕೂಗಿದ. ಕೊನೆಯ ಅಕ್ಷರವನ್ನು ಕೆರೆ ನುಂಗಿತು.

ಅವನನ್ನೂ ಗಾಡಿಯನ್ನೂ ಎಳೆದು, ಹಗ್ಗ ಬಿಚ್ಚಿ, ದೋಣಿಯನ್ನು ದಡಕ್ಕೆ ತಂದು ನಿಲ್ಲಿಸುವಷ್ಟರಲ್ಲಿ ಒಂದು ಟವಲು ಖರ್ಚಾಯಿತು. ಆ ಹೊತ್ತಿಗೆ ಕಾರ್ಯದರ್ಶಿಗಳು ಹೊಸ ಟೋಪಿ, ಹೊಸ ಬೂಟು, ಹೊಸ ಗಾಳದ ಕೋಲಿನೊಂದಿಗೆ ಬಂದರು. ಜೊತೆಗೆ ಅವರ ಹೆಂಡತಿಯೂ ಬಂದಿದ್ದರು.

"ನಮ್ಮೋರು ಮೂರು ತಿಂಗಳಲ್ಲಿ ಹನ್ನೊಂದು ಕೇಜಿ ಇಳಿದಿದ್ದಾರೆ," ಎಂದು ಆಕೆ ಅಧ್ಯಕ್ಷೆಗೆ ಹೇಳಿದರು. "ಬರೀ ಸೊಪ್ಪು, ಸೌತೆಕಾಯಿ. ಬೇಕರಿ ಕಡೆ ತಲೆ ಹಾಕಿ ಕೂಡ ಮಲಗಲ್ಲ."

ಕಾರ್ಯದರ್ಶಿ ದೂರದ ದಡವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಅವರು ದೋಣಿಯಲ್ಲಿ ಕಾಲಿಟ್ಟಾಗ ದೋಣಿ ಒಂದು ಗೇಣು ತಗ್ಗಿತು.

"ಆ ಹನ್ನೊಂದು ಕೇಜಿ ಇಳಿಯೋಕೆ ಮುಂಚೆನೇ ಹತ್ತಿದ್ರೆ ಏನು ಗತಿಯಾಗ್ತಿತ್ತೋ!" ಎಂದ ದರ್ಜಿ.

"ಏಯ್, ಬಾಯಿ ಮುಚ್ಚೋ," ಎಂದ ಮೇಸ್ತ್ರಿ. "ಕೂತ್ಕೊಳ್ಳಿ ಸಾರ್. ಇದು ನಾಲ್ಕು ಜನರ ದೋಣಿ."

ಇದು ನಿಜ. ನಾಲ್ವರ ಭಾರ ಹೊರುವ ದೋಣಿಗೆ ಕಾರ್ಯದರ್ಶಿಯೂ ಮೇಸ್ತ್ರಿಯೂ ಸೇರಿ ಹೆಚ್ಚೆಂದರೆ ಮೂವರಾಗುತ್ತಿದ್ದರು. ಒಬ್ಬನ ಜಾಗ ಉಳಿಯುತ್ತಿತ್ತು. ಓದುಗರು ಈ ವ್ಯವಕಲನವನ್ನು ನೆನಪಿನಲ್ಲಿಡುವುದು ಒಳ್ಳೆಯದು. ಕಾರ್ಯದರ್ಶಿಗಳು ಅದನ್ನು ಮಾಡಲಿಲ್ಲ.

ಮೇಸ್ತ್ರಿ ಹುಟ್ಟು ಹಾಕತೊಡಗಿದ. ಬಲಗೈಗೆ ಪಾನಾ ತಿರುಗಿಸಿ ಬಂದ ಬಲವಿತ್ತು, ಎಡಗೈಗೆ ಇರಲಿಲ್ಲ. ಆದ್ದರಿಂದ ದೋಣಿ ನಿಂತಲ್ಲೇ ಗಾಣದ ಎತ್ತಿನಂತೆ ಸುತ್ತಿತು. ಕಾರ್ಯದರ್ಶಿಗೆ ದಡದ ಜನರು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕಾಣಿಸಿಕೊಂಡರು. ಹೆಂಡತಿಗೆ ಅವರು ಮೂರು ಸಲ ಕೈ ಬೀಸಿದರು.

"ಮುಂದೆ ಹೋಗಿ, ಮುಂದೆ ಹೋಗಿ! ಮುಂದೆ ಎಲ್ಲಾ ಖಾಲಿ ಇದೆ!" ಎಂದು ದಡದಿಂದ ಭಾವಮೈದುನ ಕೂಗಿದ.

ಕೊನೆಗೆ ಗಾಳಿಯೇ ಕರುಣೆ ತೋರಿ ದೋಣಿಯನ್ನು ಜೊಂಡಿನ ಬಳಿಗೆ ಒಯ್ದಿತು. ಕಾರ್ಯದರ್ಶಿ ಬೀಸಿದ ಮೊದಲ ಗಾಳ ಮೇಸ್ತ್ರಿಯ ಕಾಲರಿಗೆ ಸಿಕ್ಕಿತು. ಎರಡನೆಯದು ಅವರದೇ ಟೋಪಿಗೆ. ಮೂರನೆಯದು ನೀರಿಗೆ ಬಿತ್ತು. ಅವರು ದೋಣಿಯ ಮೂತಿಯ ಕಡೆ ಮುಖಮಾಡಿ, ಉಸಿರು ಬಿಗಿಹಿಡಿದು ಕುಳಿತರು.

"ಮೇಸ್ತ್ರಿ, ಜಾಗ ಚೆನ್ನಾಗಿದೆ ಕಣ್ರೀ. ಸಂಜೆ ಆ ಕೆಲಸದ ವಿಷಯ ನೋಡೋಣ ಬಿಡಿ," ಎಂದರು. ಸ್ವಲ್ಪ ತಡೆದು, "ಆದ್ರೆ ಬೂಟು ನೆನೀತಿದೆ," ಎಂದರು.

ಹುಟ್ಟುಗಳು ಎರಚಿದ ನೀರು ದೋಣಿಯ ತಳದಲ್ಲಿ ಎರಡು ಬೆರಳಿನಷ್ಟು ನಿಂತಿತ್ತು.

"ಅಷ್ಟೇನಾ ಸಾರ್? ಇದು ನನ್ನ ಕಸುಬು. ಒಂದೇ ನಿಮಿಷ."

ಮೂವತ್ತು ವರ್ಷಗಳಿಂದ ಮೇಸ್ತ್ರಿ ಒಂದೇ ನಿಯಮದಿಂದ ಬದುಕಿದ್ದ. ನೀರು ನಿಂತಿತೇ, ತಳದ ಬಿರಡೆಯನ್ನು ಹುಡುಕು, ಸಿಕ್ಕಿತೇ, ತೆಗೆ. ಪಾತ್ರೆ ತೊಳೆಯುವ ತೊಟ್ಟಿ, ಸ್ನಾನದ ತೊಟ್ಟಿ, ಮಹಡಿಯ ಮೇಲಿನ ತೊಟ್ಟಿ, ಯಾವುದರಲ್ಲೂ ಈ ನಿಯಮ ತಪ್ಪಿರಲಿಲ್ಲ. ಅವನ ಕೈ ತಲೆಯ ಅಪ್ಪಣೆಗೆ ಕಾಯಲಿಲ್ಲ. ಬಿರಡೆಯನ್ನು ಕಿತ್ತು, ಜೇಬಿಗೆ ಹಾಕಿಕೊಂಡು, ನೀರು ಇಳಿಯಲೆಂದು ಸಮಾಧಾನದಿಂದ ಕಾದ.

ಆದರೆ ಮೂವತ್ತು ವರ್ಷಗಳಲ್ಲಿ ಅವನು ತೆರೆದ ಯಾವ ತೊಟ್ಟಿಯೂ ಕೆರೆಯ ಒಳಗೆ ಇರಲಿಲ್ಲ.

ನೀರು ಇಳಿಯಲಿಲ್ಲ, ಎದ್ದಿತು. ಒಂದು ಕ್ಷಣ ಮೇಸ್ತ್ರಿ ಅದನ್ನು ಕಸುಬುದಾರನ ಕುತೂಹಲದಿಂದ ನೋಡಿದ. ಮರುಕ್ಷಣ ತೂತಿಗೆ ಹಿಮ್ಮಡಿ ಒತ್ತಿದ, ಹಿಮ್ಮಡಿ ಜಾರಿತು. ಬಿರಡೆಗಾಗಿ ಜೇಬು ತಡಕಿದ, ಒದ್ದೆ ಪ್ಯಾಂಟಿನ ಜೇಬು ಕೈಯನ್ನೇ ಒಳಗೆ ಬಿಟ್ಟುಕೊಳ್ಳಲಿಲ್ಲ. ಅದೇ ಹೊತ್ತಿಗೆ ಮುಂದಿನಿಂದ, "ಕಚ್ಚಿತು ಮೇಸ್ತ್ರಿ, ಕಚ್ಚಿತು! ದೊಡ್ಡದು!" ಎಂದು ಕಾರ್ಯದರ್ಶಿ ಕೂಗಿ, ಎದ್ದುನಿಂತು, ಮೈಯ ಅಷ್ಟೂ ಭಾರವನ್ನು ಹಿಂದಕ್ಕೆ ಬಿಟ್ಟು ಎಳೆದರು. ದೋಣಿ ಯಾವ ಅವಸರವನ್ನೂ ತೋರದೆ, ಸಭೆಯಲ್ಲಿ ಹಿರಿಯರು ಕುಳಿತುಕೊಳ್ಳುವ ಗಾಂಭೀರ್ಯದಿಂದ, ಕೆಳಗೆ ಕುಳಿತುಬಿಟ್ಟಿತು.

"ಅಯ್ಯೋ, ಮುಳುಗಿದ್ವಿ!"

"ಕಾಪಾಡ್ರಪ್ಪೋ!"

ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿ, ಒಬ್ಬರನ್ನೊಬ್ಬರು ಮುಳುಗಿಸುತ್ತ ಒದ್ದಾಡಿದರು. ಮೇಸ್ತ್ರಿಗೆ ಹೆಂಡತಿಯ ಮುಖ ಕಣ್ಣ ಮುಂದೆ ಬಂತು. ಉಳಿದಿದ್ದ ಒಂದು ಟವಲೂ ಬಂತು. ಆಗ ದಡದ ಕೊಡೆಯ ಕೆಳಗಿನಿಂದ ನಲವತ್ತು ವರ್ಷ ತರಗತಿಗಳನ್ನು ಆಳಿದ ಧ್ವನಿ ಕೇಳಿಸಿತು.

"ಇಬ್ಬರೂ ಎದ್ದು ನಿಲ್ಲಿ!"

ಎದ್ದು ನಿಂತರು. ನೀರು ಸೊಂಟದವರೆಗೆ ಇತ್ತು.

ದಡದಲ್ಲಿ ಎದ್ದ ನಗೆಗೆ ಜೊಂಡಿನ ಹಕ್ಕಿಗಳು ಹಾರಿಹೋದವು. ಮೇಸ್ತ್ರಿಗೆ ನಗು ಬರಲಿಲ್ಲ. ನಲ್ಲಿ ಕೆಲಸದವನೇ ದೋಣಿಯ ಬಿರಡೆ ಕಿತ್ತನೆಂಬ ಸುದ್ದಿ ಹಬ್ಬಿದರೆ ಸಂಘದ ಕೆಲಸ ಹಾಗಿರಲಿ, ಬೀದಿಯ ಒಂದು ಸೋರುವ ನಲ್ಲಿಗೂ ಅವನನ್ನು ಯಾರೂ ಕರೆಯುವಂತಿರಲಿಲ್ಲ. ಅವನು ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದ. ಅಷ್ಟರಲ್ಲಿ ಕಾರ್ಯದರ್ಶಿ ಅವನ ಕಿವಿಯ ಬಳಿ ಬಗ್ಗಿದರು.

"ಮೇಸ್ತ್ರಿ, ನಿಮ್ಮ ಕಾಲು ಹಿಡ್ಕೋತೀನಿ, ಯಾರಿಗೂ ಹೇಳ್ಬೇಡಿ."

"ಏನು ಸಾರ್?"

"ನನ್ನ ಭಾರಕ್ಕೇ ಮುಳುಗಿದ್ದು ಅಂತ. ಹನ್ನೊಂದು ಕೇಜಿ ಇಳಿದಿಲ್ಲ ಕಣ್ರೀ, ಆರು ಏರಿದೀನಿ. ದಿನಾ ವಾಕಿಂಗ್ ಅಂತ ಹೊರಟು ಬೇಕರಿಗೆ ಹೋಗ್ತೀನಿ. ಅವಳಿಗೆ ಗೊತ್ತಾದ್ರೆ ವಾಕಿಂಗಿಗೂ ಜೊತೆಗೇ ಬರ್ತಾಳೆ. ನನ್ನ ಬಾಳು ಅಲ್ಲಿಗೆ ಮುಗೀತು."

ಮೇಸ್ತ್ರಿ ತೆರೆದ ಬಾಯಿಯನ್ನು ಮುಚ್ಚಿದ. ಎದೆಯ ಮೇಲಿನ ಚಪ್ಪಡಿಯನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು.

"ನಾನ್ಯಾಕೆ ಹೇಳ್ಲಿ ಸಾರ್?" ಎಂದ. "ನೀವು ನಿಶ್ಚಿಂತೆಯಾಗಿರಿ."

"ಸಂಜೆ ಕೆಲಸ ನಿಮ್ದೇ ಅಂದ್ಕೊಳ್ಳಿ."

ಆದರೆ ದೋಣಿಯನ್ನು ದಡಕ್ಕೆ ಎಳೆದಾಗ ಅದರ ಹಿಂಬದಿಯಿಂದ ನೀರು ಧಾರೆಯಾಗಿ ಸುರಿಯಿತು. ದರ್ಜಿ ಬಗ್ಗಿ ತೂತಿನಲ್ಲಿ ಬೆರಳಿಟ್ಟ.

"ಇದರ ಬಿರಡೆ ಎಲ್ಲಿ? ಬೆಳಿಗ್ಗೆ ಇತ್ತಲ್ಲ, ನಾನೇ ನೋಡಿದ್ದೆ. ಯಾರೋ ಕಿತ್ತಿದ್ದಾರೆ!"

ಎಲ್ಲರ ಕಣ್ಣೂ ಮೇಸ್ತ್ರಿಯ ಮೇಲೆ ಬಿತ್ತು. ಭಾವಮೈದುನ ಬಾಯಿಂದ ಸೀಟಿ ತೆಗೆದ. ಹೆಂಡತಿ ಎರಡನೆಯ ಟವಲನ್ನು ಎದೆಗವಚಿಕೊಂಡು ನಿಂತಳು. ಆದರೆ ಕಾರ್ಯದರ್ಶಿಯ ಹೆಂಡತಿ ಮಾತ್ರ ಮೇಸ್ತ್ರಿಯನ್ನು ನೋಡುತ್ತಿರಲಿಲ್ಲ. ಒದ್ದೆ ಅಂಗಿ ಮೈಗಂಟಿದ್ದ ತಮ್ಮ ಗಂಡನನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಅಳೆಯುತ್ತಿದ್ದರು.

"ರೀ," ಎಂದರು ನಿಧಾನವಾಗಿ, "ಆ ಹನ್ನೊಂದು ಕೇಜಿ ಇಳಿದದ್ದು ಎಲ್ಲಿಂದ?"

ಕಾರ್ಯದರ್ಶಿಗೆ ಆ ತೂತು ದೇವರು ತೆರೆದ ಬಾಗಿಲಿನಂತೆ ಕಂಡಿತು.

"ಬಿರಡೆ ಕಿತ್ತೋನು ನಾನು!" ಎಂದು ಅವರು ಕೂಗಿದರು. "ದೋಣಿ ಮುಳುಗಿದ್ದು ಅದಕ್ಕೇ. ಬೇರೆ ಯಾವ ಕಾರಣಕ್ಕೂ ಅಲ್ಲ!"

"ನೀವು ಕಿತ್ರಾ? ಯಾಕ್ರೀ?" ಎಂದ ದರ್ಜಿ.

"ಒಳಗೆ ನೀರಿತ್ತು. ಹೊರಗೆ ಹೋಗ್ಲಿ ಅಂತ ಕಿತ್ತೆ. ಮೇಸ್ತ್ರಿ ಪಾಪ, ಬೇಡ ಬೇಡ ಅಂತ ಬಡ್ಕೊಂಡ್ರು. ನಾನೇ ಕೇಳ್ಲಿಲ್ಲ."

ದರ್ಜಿ ನಕ್ಕು ನಕ್ಕು ನೆಲದ ಮೇಲೆ ಕುಳಿತ. ಕಾರ್ಯದರ್ಶಿಯ ಹೆಂಡತಿ ಹಣೆ ಚಚ್ಚಿಕೊಂಡರು. ತೂಕದ ಮಾತು ಅಲ್ಲಿಗೆ ನಿಂತಿತು. ಮೇಸ್ತ್ರಿಯ ಹೆಂಡತಿ ಗಂಡನ ತಲೆ ಒರೆಸುತ್ತ, "ಸದ್ಯ, ನೀವಲ್ಲವಲ್ಲ," ಎಂದು ನಿಟ್ಟುಸಿರುಬಿಟ್ಟಳು. ಮೇಸ್ತ್ರಿಯೂ ಟವಲಿನ ಒಳಗಿನಿಂದ ನಿಟ್ಟುಸಿರುಬಿಟ್ಟ. ಜೀವ ಉಳಿಯಿತು, ಮಾನ ಉಳಿಯಿತು, ಸಂಜೆಗೆ ಕೆಲಸವೂ ಸಿಗುತ್ತದೆ. ಒಂದೇ ಬೆಳಿಗ್ಗೆಗೆ ಇಷ್ಟು ಲಾಭವನ್ನು ಅವನು ಎಂದೂ ಕಂಡಿರಲಿಲ್ಲ.

ನಗದೆ ಇದ್ದವರು ಒಬ್ಬರೇ. ಅಧ್ಯಕ್ಷೆ ಕೊಡೆ ಮಡಚಿದರು.

"ಕಾರ್ಯದರ್ಶಿಗಳೇ, ಕೆರೆ ಮಧ್ಯದಲ್ಲಿ ದೋಣಿಯ ಬಿರಡೆ ತೆಗೆದರೆ ನೀರು ಹೊರಗೆ ಹೋಗುತ್ತೆ ಅಂತ ತಿಳಿದೋರು ನೀವು. ಅರವತ್ತನಾಲ್ಕು ಮನೆಗಳ ನೀರಿನ ವಿಷಯ ಇನ್ನು ನಿಮ್ಮ ಕೈಯಲ್ಲಿ ಬೇಡ. ಇವತ್ತಿನ ತೀರ್ಮಾನ ರದ್ದು. ಮುಂದಿನ ವಾರ್ಷಿಕ ಸಭೆವರೆಗೆ ಈಗ ಇರೋ ಕೆಲಸಗಾರನೇ ಮುಂದುವರೀಲಿ."

ಟವಲಿನೊಳಗಿನ ಒರೆಸಾಟ ನಿಂತಿತು.

"ಮೇಡಂ," ಎಂದ ಮೇಸ್ತ್ರಿ, ಟವಲು ಸರಿಸಿ. "ಅದು... ಬಿರಡೆ ಕಿತ್ತದ್ದು..."

"ಹೇಳಿ. ಬಿರಡೆ ಕಿತ್ತದ್ದು?"

ಮೇಸ್ತ್ರಿ ದರ್ಜಿಯನ್ನು ನೋಡಿದ. ದರ್ಜಿ ಕಿವಿ ನಿಮಿರಿಸಿಕೊಂಡು ಕುಳಿತಿದ್ದ.

"ಕಿತ್ತದ್ದು ತಪ್ಪು ಮೇಡಂ," ಎಂದ.

"ನೋಡಿ, ಇದು ತಿಳುವಳಿಕೆ," ಎಂದರು ಅಧ್ಯಕ್ಷೆ. "ಮೇಸ್ತ್ರಿ, ನಿಮ್ಮಂಥೋರು ಸಂಘಕ್ಕೆ ಬೇಕು. ಇನ್ನು ಪ್ರತಿ ಭಾನುವಾರ ನಮ್ಮ ಕಾರ್ಯದರ್ಶಿಗೆ ಒಂದು ಗಂಟೆ ಪಾಠ ಹೇಳಿ. ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತೆ, ಬಿರಡೆ ಯಾತಕ್ಕೆ, ಮೊದಲಿಂದ ಹೇಳಿಕೊಡಿ. ಸಂಬಳ ಕೇಳಬೇಡಿ. ನೆರೆಹೊರೆ ಕೆಲಸ."

ಜನ ಚಪ್ಪಾಳೆ ತಟ್ಟಿದರು. ಕೈಮುಗಿಯುವುದನ್ನು ಬಿಟ್ಟು ಮೇಸ್ತ್ರಿಗೆ ಬೇರೆ ದಾರಿ ಇರಲಿಲ್ಲ.

ಎಲ್ಲರೂ ಚದುರಿದ ಮೇಲೆ ಕಾರ್ಯದರ್ಶಿ, ಹೆಂಡತಿ ತುಸು ಮುಂದೆ ನಡೆದದ್ದನ್ನು ನೋಡಿಕೊಂಡು, ಹಿಂದಕ್ಕೆ ಬಂದರು.

"ಕೆಲಸ ಕೊಡಿಸೋಕೆ ಆಗ್ಲಿಲ್ಲ ಮೇಸ್ತ್ರಿ, ಬೇಜಾರು ಮಾಡ್ಕೋಬೇಡಿ. ನನ್ನ ಭಾರಕ್ಕೇ ಆ ಬಿರಡೆ ಹಾರಿಹೋಗಿರ್ಬೇಕು. ನಿಮಗೆ ಎಲ್ಲಾ ಗೊತ್ತಿತ್ತು, ಆದ್ರೂ ನನ್ನ ಮಾನ ಉಳಿಸಿದ್ರಿ. ನಿಮ್ಮ ಋಣ ನನ್ನ ಮೇಲಿದೆ."

ಮೇಸ್ತ್ರಿ ಕೂಡಿ ಕಳೆದು ನೋಡಿದ.

"ಇಲ್ಲ ಸಾರ್," ಎಂದ. "ಚುಕ್ತಾ ಆಯ್ತು."