ಮಾವನ ಹೆಬ್ಬಾತಿನ ಮಂದೆ

ನಮ್ಮ ಸೋದರಮಾವ ಹೋದಷ್ಟು ಮದುವೆಗಳಿಗೆ ಹಿರಿಯೂರು ತಾಲ್ಲೂಕಿನಲ್ಲಿ ಇನ್ನೊಬ್ಬರು ಹೋಗಿರಲಾರರು. ಆದರೆ ಅವರು ಎಲೆಯ ಮುಂದೆ ಕೂತದ್ದನ್ನು ಯಾರೂ ಕಂಡಿಲ್ಲ. ಛತ್ರದ ಹಿಂಬಾಗಿಲಲ್ಲಿ ಬಕೆಟ್ ಹಿಡಿದು ನಿಲ್ಲುತ್ತಾರೆ. ಅನ್ನ ಸಾಲದೆ ಹೋದರೆ ಹೆಣ್ಣಿನ ಅಪ್ಪನಿಗಿಂತ ಇವರಿಗೇ ಹೆಚ್ಚು ಸಂಕಟ! ಯಾಕೆಂದರೆ ಉಳಿದ ಅನ್ನವೆಲ್ಲ ನಮ್ಮೂರು ಹರಿಯಬ್ಬೆಯಲ್ಲಿ ಅತ್ತೆ ಸಾಕಿರುವ ನಾಟಿ ಕೋಳಿಗಳಿಗೆ ಸೇರಬೇಕು.

ಮಾವ ಮೊದಲು ಕುರಿ ಹೊಡೆದುಕೊಂಡು ಊರೂರು ತಿರುಗಿದವರು. ಮೇವು ಹುಡುಕಿಕೊಳ್ಳಬೇಕಾದ್ದೇ ಹೊರತು ಕೊಳ್ಳಬೇಕಾದ್ದಲ್ಲ ಎನ್ನುತ್ತಾರೆ. ಹಿಟ್ಟಿನ ಗಿರಣಿಯ ನೆಲ ಗುಡಿಸಿಕೊಟ್ಟು ಆ ಕಸದ ಹಿಟ್ಟನ್ನು ತರುತ್ತಾರೆ. ಮಡಕೆಗೆ ಒದ್ದೆ ಸಗಣಿ, ಹುಲ್ಲು ತುಂಬಿ ಹುತ್ತದ ಬಳಿ ಬೋರಲು ಹಾಕುತ್ತಾರೆ. ಬೆಳಿಗ್ಗೆ ಅದರ ತುಂಬ ಗೆದ್ದಲು, ಕೋಳಿಮರಿಗಳಿಗೆ ಹಬ್ಬ. ಒಮ್ಮೆ ಆ ಮಡಕೆಯನ್ನು ಪಡಸಾಲೆಯಲ್ಲಿಟ್ಟು ಮರೆತರು. ಬಾಗಿಲ ಚೌಕಟ್ಟಿಗಾದ ಗತಿಯನ್ನು ಅತ್ತೆ ಇಂದಿಗೂ ಬಂದವರಿಗೆಲ್ಲ ತೋರಿಸುತ್ತಾರೆ.

ಇಷ್ಟಕ್ಕೇ ನಿಂತಿದ್ದರೆ ಸರಿಯಿತ್ತು. ಚಳಿಗಾಲದಲ್ಲಿ ನಮ್ಮ ಕೆರೆಗೆ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುತ್ತವೆ. ಈ ಸಲ ಅವು ಪಕ್ಕದ ಹೊಲದ ಎಳೆ ಕಡಲೆಗೆ ಬಾಯಿ ಹಾಕಿದವು. ಹೊಲದವನು ಪಟಾಕಿ ಸಿಡಿಸಿ ಕೆರೆಯಿಂದಲೇ ಓಡಿಸುತ್ತೇನೆಂದ. ಅಲ್ಲಿಂದ ಮಾವನಿಗೆ ನೆಮ್ಮದಿಯಿಲ್ಲ. ಹೊಟ್ಟೆ ತುಂಬಿದ ಬಾತು ಹೊಲಕ್ಕೇಕೆ ಹೋದೀತು ಎಂದು ಕೆರೆಯಂಗಳದಲ್ಲೇ ಮೇವಿಡತೊಡಗಿದರು. ಗೆದ್ದಲು ಕೊಡವಿದರು, ಬಾತುಗಳು ತಿರುಗಿಯೂ ನೋಡಲಿಲ್ಲ. ಮದುವೆಮನೆಯ ಚಿತ್ರಾನ್ನ ಸುರಿದರು. ಊರ ನಾಯಿಗಳು ಬಂದು ಉಂಡು, ಬಾತುಗಳನ್ನೇ ಬೊಗಳಿ ಎಬ್ಬಿಸಿದವು! ಕೊನೆಗೆ ಅತ್ತೆ ಕೋಳಿಗೆಂದು ಎತ್ತಿಟ್ಟ ರಾಗಿಯನ್ನು ಕದ್ದು ಚೆಲ್ಲಿದಾಗ ಬಾತುಗಳು ಬಂದು ತಿಂದವು. ಮನೆಯ ಕೋಳಿ ಸೊರಗುತ್ತಿರುವಾಗ ಎಲ್ಲಿಯದೋ ಹಕ್ಕಿಗೆ ಔತಣವೇ ಎಂದು ಅತ್ತೆ ರಾಗಿಯ ಕೋಣೆಗೆ ಬೀಗ ಹಾಕಿದರು.

ಆಗ ಮಾವನಿಗೆ ಒಂದು ಉಪಾಯ ಹೊಳೆಯಿತು. ನಮ್ಮ ಕಡೆ ಕುರಿಮಂದೆಯನ್ನು ಹೊಲದಲ್ಲಿ ನಿಲ್ಲಿಸಿದರೆ, ಬಿದ್ದ ಗೊಬ್ಬರಕ್ಕೆ ಪ್ರತಿಯಾಗಿ ಹೊಲದವರು ಕುರಿಯವರಿಗೆ ಕಾಳು ಕೊಡುವುದು ವಾಡಿಕೆ. ಕುರಿಗಿರುವ ಮರ್ಯಾದೆ ಬಾತಿಗೇಕಿಲ್ಲ? ಮಾವ ಹೆಗಲಿಗೆ ಖಾಲಿ ಚೀಲ ಹಾಕಿಕೊಂಡು ಕಡಲೆ ಹೊಲದವನ ಮನೆಗೇ ಹೊರಟರು. ಜಗಳವಾದರೆ ಬಿಡಿಸಲು ಅತ್ತೆ ಹೊರಟರು, ನೋಡಲು ನಾನು ಹೊರಟೆ.

"ನಿನ್ನ ಹೊಲದಾಗೆ ದಿನಾ ಮಂದೆ ಇಳೀತೈತಪ್ಪ. ಹಿಕ್ಕೆ ಎಷ್ಟು ಬಿದ್ದೈತೆ ನೋಡಿದೀಯಾ? ಮಂದೆ ಕಾಳು ಕೊಡು, ಅವಕ್ಕೇ ಹಾಕ್ತೀನಿ" ಎಂದರು ಮಾವ.

"ನನ್ನ ಕಡ್ಲೆ ತಿಂದಿದ್ದಕ್ಕೆ ನಾನೇ ಕಾಳು ಕೊಡ್ಬೇಕಾ ಮಾವ?" ಎಂದು ಅವನು ನಕ್ಕ. ನಾನೂ ನಕ್ಕೆ. ಮಾವ ನಗಲಿಲ್ಲ.

ಕಾಳು ಕೊಡದಿದ್ದರೂ ಪಟಾಕಿ ಮಾತ್ರ ಸಿಡಿಸಬೇಡ ಎಂದರು. ಅತ್ತೆಯ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದರು.

"ಕುರಿ ಕಾಯೋ ಕಾಲ್ದಾಗೆ ಇವಳು ತುಂಬಿದ ಬಸುರಿ. ಮಂದೆ ಹೊಡ್ಕಂಡು ಹೋಗ್ತಿದ್ವಿ. ಒಂದೂರಾಗೆ ಇಲ್ಲಿ ಇಳೀಬ್ಯಾಡ್ರಿ ಅಂತ ಓಡಿಸಿದ್ರು. ದಾರ್ಯಾಗೇ ಹೆರಿಗೆ ಆತು. ಕೂಸು ಉಳೀಲಿಲ್ಲ. ಇಳಿದೋರ್ನ ಎಬ್ಬಿಸಬಾರದು ಕಣಪ್ಪ."

ಮಾವ-ಅತ್ತೆಗೆ ಮಕ್ಕಳಾಗಲಿಲ್ಲ ಎಂದಷ್ಟೇ ನಾನು ತಿಳಿದಿದ್ದೆ. ಇಷ್ಟು ವರ್ಷ ಅವರಿಬ್ಬರೂ ಇದನ್ನು ಯಾರ ಮುಂದೆಯೂ ಆಡಿರಲಿಲ್ಲ. ಹೊಲದವನು ಒಳಗೆ ಹೋಗಿ ಒಂದು ಮೊರ ಜೋಳ ತಂದು ಚೀಲಕ್ಕೆ ಸುರಿದ. ಪಟಾಕಿಯ ಮಾತು ಮತ್ತೆ ಬರಲಿಲ್ಲ.

ಮನೆ ಸೇರಿದವರೇ ಅತ್ತೆ ರಾಗಿಯ ಕೋಣೆಯ ಬೀಗ ತೆಗೆದು, ಮಡಿಲ ತುಂಬ ರಾಗಿ ತುಂಬಿಕೊಂಡು ಕೆರೆಯ ಕಡೆ ನಡೆದರು. ಮಾವ ಹಿಂದೆಯೇ ಎದ್ದರು.

"ನೀವು ಕುಂತ್ಕಳ್ರಿ" ಎಂದರು ಅತ್ತೆ, "ಇವತ್ತು ನಾನು ಉಣ್ಣಿಸಿ ಬರ್ತೀನಿ."